ಟ್ಯೂಬ್‌ಲೆಸ್ ಪಂಕ್ಚರ್: ಸ್ಟ್ರಿಪ್ ಸಾಕಾ, ಮಶ್ರೂಮ್ ಪ್ಯಾಚೇ ಬೇಕಾ?

ಕಾರಿನ ಟೈರಿಗೆ ಮೊಳೆ ಚುಚ್ಚಿದೆ, ಹೊರಗಿನಿಂದ ತುರುಕುವ ರಬ್ಬರ್ ಸ್ಟ್ರಿಪ್ಪಾ, ಒಳಗಿನಿಂದ ಹಾಕುವ ಅಣಬೆಯಾಕಾರದ ಮಶ್ರೂಮ್ ಪ್ಯಾಚಾ, ಇಲ್ಲ ತೂತು ಮುಚ್ಚುವ ದ್ರವ ಸೀಲಂಟ್ ಸುರಿದುಬಿಡಲಾ ಅಂತ ಕೇಳಿದ್ದೀರಿ. ಮೊದಲು ತೂತು ಎಲ್ಲಿದೆ ನೋಡಿ. ಸೈಡ್‌ವಾಲ್‌ನಲ್ಲಿದ್ದರೆ (ಟೈರಿನ ಪಕ್ಕದ ಗೋಡೆ) ಮೂರೂ ಬೇಡ, ಟೈರೇ ಬದಲಾಗಬೇಕು. ನೆಲಕ್ಕೆ ತಾಗುವ ಭಾಗದಲ್ಲಿ, 6 ಮಿ.ಮೀ. ಮೀರದ ತೂತಾದರೆ ಮಾತ್ರ ಮುಂದಿನ ಮಾತು.

ಖರ್ಚು, ಸಮಯ ಎರಡರಲ್ಲೂ ಸ್ಟ್ರಿಪ್ಪೇ ಹಗುರ. ಮೊಳೆ ಕಿತ್ತು, ತೂತನ್ನು ಉಜ್ಜಿ, ಅಂಟಂಟಾದ ಸ್ಟ್ರಿಪ್ ತುರುಕಿ, ಹೊರಗುಳಿದ ಬಾಲ ಕತ್ತರಿಸಿದರೆ ಮುಗೀತು. ಮಶ್ರೂಮ್‌ಗೆ ರಿಮ್‌ನಿಂದ ಟೈರ್ ಕಳಚಬೇಕು, ಆಮೇಲೆ ಬ್ಯಾಲೆನ್ಸಿಂಗ್ ಬೇರೆ.

ಆದರೆ ಆ ಕಳಚುವುದರಲ್ಲೇ ಲಾಭ ಇದೆ. ಗಾಳಿ ಇಳಿದ ಟೈರಲ್ಲೇ ಓಡಿಸಿದ್ದರೆ ಒಳಗೋಡೆ ಸವೆದು ಕಪ್ಪು ರಬ್ಬರ್ ಪುಡಿ ಉದುರಿರುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಮಶ್ರೂಮ್‌ನ ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಮೈಗೆ ಅಂಟಿ ಗಾಳಿ ತಡೆಯುತ್ತದೆ. ನೀರು ಇಳಿದು ಟೈರೊಳಗಿನ ಉಕ್ಕಿನ ತಂತಿಗೆ ತುಕ್ಕು ಹಿಡಿಯುವ ಭಯವೂ ಕಮ್ಮಿ.

ಸೀಲಂಟ್ ಸುಲಭ ನಿಜ, ಆದರೆ ಒಳಗೆಲ್ಲ ರಾಡಿ. ಪ್ರೆಶರ್ ಸೆನ್ಸರ್‌ಗೂ ಮೆತ್ತಿಕೊಳ್ಳಬಹುದು. ಆಮೇಲೆ ರಿಪೇರಿ ಮಾಡುವವರು ಬೈದುಕೊಳ್ಳುತ್ತಾರೆ ಅಲ್ವಾ!

ರಾತ್ರಿ ದಾರಿ ಮಧ್ಯೆ ನಿಂತಿದ್ದು, ಸ್ಟೆಪ್ನಿಯೂ ಇಲ್ಲದಿದ್ದರೆ ಸ್ಟ್ರಿಪ್ ಅಥವಾ ಸೀಲಂಟ್ ಹಾಕಿ, ನಿಧಾನವಾಗಿ ಅಂಗಡಿ ಸೇರಿ. ಟೈರ್ ಹೊಸದು, ಹೆದ್ದಾರಿ ಓಡಾಟ ಜಾಸ್ತಿ ಅಂದರೆ ನಾನು ಮಶ್ರೂಮ್‌ಗೇ ದುಡ್ಡು ಕೊಡುತ್ತೇನೆ. ಟ್ರೆಡ್ (ಟೈರಿನ ಮೇಲಿನ ಗೀರುಗಳ ಆಳ) ಸವೆದು 1.6 ಮಿ.ಮೀ. ಹತ್ತಿರ ಮಾತ್ರ ಉಳಿದಿದ್ದರೆ ಸುಮ್ನೆ ಮಶ್ರೂಮ್‌ಗೆ ಖರ್ಚು ಮಾಡಬೇಡಿ, ಆ ದುಡ್ಡನ್ನು ಹೊಸ ಟೈರಿಗೇ ಹಾಕಿ. ಯಾವುದು ಮಾಡಿಸಿದರೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ನೋಡಿಯೇ ಹೊರಡಿ.