ಮ್ಯಾಪ್‌ನಲ್ಲಿ ಪೋರ್ಟ್ 13, ಸ್ವಿಚ್‌ನಲ್ಲಿ 14: ನಂಬಿ ಶಟ್‌ಡೌನ್ ಕೊಡಬೇಡಿ

ನೆಟ್‌ವರ್ಕ್ ಮ್ಯಾಪ್ ಸಾಫ್ಟ್‌ವೇರ್ (ಯಾವ ಸಾಧನ ಯಾವ ಪೋರ್ಟ್‌ನಲ್ಲಿದೆ ಅಂತ ತೋರಿಸುವಂಥದ್ದು) ನೋಡಿಕೊಂಡು, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನ ಪೋರ್ಟ್ ಬಂದ್ ಮಾಡುವ ಅಭ್ಯಾಸ ಇದ್ದವರು ದಯವಿಟ್ಟು ಇದನ್ನು ಓದಿ. ನಾನು ಹಾಗೆ ಮಾಡಿ ಒಂದು ಆಸ್ಪತ್ರೆಯ ಫಾರ್ಮಸಿಯನ್ನು ಅರ್ಧ ಗಂಟೆ ನಿಲ್ಲಿಸಿಬಿಟ್ಟೆ.

ಸೋಮವಾರ ಬೆಳಿಗ್ಗೆ, ಓಪಿಡಿ ತುಂಬಿ ತುಳುಕುವ ಹೊತ್ತು. ಕಂಪ್ಯೂಟರ್‌ಗಳಿಗೆ ಒಂದೊಂದಾಗಿ ನೆಟ್ ಹೋಗತೊಡಗಿತು. ಒಂದರಲ್ಲಿ ಐಪಿ ನೋಡಿದರೆ 192.168.0 ಸಾಲಿನದು. ನಮ್ಮದು 10ರಿಂದ ಶುರುವಾಗುತ್ತದೆ. ಯಾರೋ ಮನೆಯ ವೈಫೈ ರೂಟರ್ ತಂದು ಗೋಡೆಯ ಪಾಯಿಂಟ್‌ಗೆ ಚುಚ್ಚಿದ್ದರು, ಅದು ಎಲ್ಲರಿಗೂ ತನ್ನದೇ ಐಪಿ ಹಂಚುತ್ತಿತ್ತು. ಅದರ ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ನಂಬರ್) ಹಿಡಿದು ಮ್ಯಾಪ್‌ನಲ್ಲಿ ಹುಡುಕಿದೆ. ಹೊಸ ಸ್ವಿಚ್, ಪೋರ್ಟ್ 13. ಶಟ್‌ಡೌನ್ ಕೊಟ್ಟೆ.

ಎರಡೇ ನಿಮಿಷಕ್ಕೆ ಫಾರ್ಮಸಿಯಿಂದ ಫೋನ್. "ಸರ್, ಬಿಲ್ ಓಪನ್ನೇ ಆಗ್ತಿಲ್ಲ, ಇಲ್ಲಿ ಲೈನ್ ಬೆಳೀತಿದೆ." ಅವರಿಗೂ ಆ ರೂಟರಿನ ಐಪಿಯೇ ಸಿಕ್ಕಿರಬೇಕು ಅಂದುಕೊಂಡು, ಪಿಸಿ ರೀಸ್ಟಾರ್ಟ್ ಮಾಡಿ ಮೇಡಂ ಅಂದೆ. ಮ್ಯಾಪ್ ತಪ್ಪಿರಬಹುದು ಅಂತ ತಲೆಗೇ ಹೋಗಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ ಕೌಂಟರ್ ಹತ್ತಿರ ಹೋದೆ. ಒಬ್ಬ ತಾಯಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು, ಔಷಧಿ ಚೀಟಿ ಕೈಯಲ್ಲೇ ಮುದುರಿ ಹೋಗಿತ್ತು. ಮೇಡಂ ಪುಸ್ತಕದಲ್ಲಿ ಬಿಲ್ ಬರೆಯುತ್ತಿದ್ದರು. ನಾನು ಪಿಸಿಯ ಹಿಂದೆ ಬಗ್ಗಿ ನೋಡಿದೆ. ಕೇಬಲ್ ಚುಚ್ಚಿದ ಜಾಗದಲ್ಲಿ ಲೈಟೇ ಇಲ್ಲ. ಐಪಿ ತಪ್ಪಾಗಿದ್ದರೆ ಲೈಟ್ ಆರಲ್ಲ ಅಲ್ವಾ. ಅವರ ಪೋರ್ಟನ್ನು ನಾನೇ ಬಂದ್ ಮಾಡಿದ್ದೆ.

ಓಡಿ ಹೋಗಿ ಸ್ವಿಚ್‌ಗೇ ಲಾಗಿನ್ ಆಗಿ, ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಅಂತ ಹೇಳುವ ಮ್ಯಾಕ್ ಟೇಬಲ್ ನೋಡಿದೆ. ರೂಟರ್ ಇದ್ದದ್ದು 14ರಲ್ಲಿ.

ಸಂಜೆ ಕೂತು ಕಾರಣ ಹುಡುಕಿದೆ. ಈ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಅಂತ ಎಸ್‌ಎನ್‌ಎಂಪಿಯಲ್ಲಿ (ಸಾಫ್ಟ್‌ವೇರ್ ಸ್ವಿಚ್‌ನಿಂದ ಮಾಹಿತಿ ಕೇಳುವ ವಿಧಾನ) ಕೇಳಿದರೆ ಸ್ವಿಚ್ ಕೊಡುವುದು ಬ್ರಿಡ್ಜ್ ಪೋರ್ಟ್ ನಂಬರ್. ಪೋರ್ಟಿನ ಹೆಸರು ಸಿಗುವುದು ಇಫ್‌ಇಂಡೆಕ್ಸ್ ಅನ್ನುವ ಬೇರೆ ನಂಬರಿನಲ್ಲಿ. ಯಾವ ಬ್ರಿಡ್ಜ್ ಪೋರ್ಟಿಗೆ ಯಾವ ಇಫ್‌ಇಂಡೆಕ್ಸ್ ಅಂತ ಹೇಳುವ ಟೇಬಲ್ ಸ್ವಿಚ್‌ನಲ್ಲೇ ಇದೆ. ನಮ್ಮ ಸಾಫ್ಟ್‌ವೇರ್ ಅದನ್ನು ಓದದೆ, ಎರಡೂ ಒಂದೇ ಅಂತ ಹಿಡಿದಿತ್ತು. ಹಳೆಯ ಸ್ವಿಚ್‌ಗಳಲ್ಲಿ ಎರಡೂ ನಿಜವಾಗಿ ಒಂದೇ, ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಹೊಸದರಲ್ಲಿ ಇಫ್‌ಇಂಡೆಕ್ಸ್ 1 ಸ್ವಿಚ್‌ನ ನಿರ್ವಹಣೆಗೆಂದೇ ಇರುವ ಮ್ಯಾನೇಜ್‌ಮೆಂಟ್ ಪೋರ್ಟಿಗೆ ಹೋಗಿದೆ. ಹಾಗಾಗಿ 13ನೇ ಪೋರ್ಟಿಗೆ 14, 14ನೇ ಪೋರ್ಟಿಗೆ 15. ರೂಟರಿನ ಬ್ರಿಡ್ಜ್ ಪೋರ್ಟ್ 14 ಅಂತ ಬಂದಾಗ ಸಾಫ್ಟ್‌ವೇರ್ ಇಫ್‌ಇಂಡೆಕ್ಸ್ 14ರ ಹೆಸರು ಎತ್ತಿಕೊಂಡಿತು. ಅದು 13ನೇ ಪೋರ್ಟ್, ಫಾರ್ಮಸಿಯದು.

ಹೆಸರು ತಪ್ಪಲು ಬೇರೆ ದಾರಿಗಳೂ ಇವೆ. ಸ್ವಿಚ್ ರೀಬೂಟ್ ಆದಾಗ ಇಫ್‌ಇಂಡೆಕ್ಸ್ ಬದಲಾಗಬಹುದು. 2000ದಲ್ಲಿ ಬಂದ ಆರ್‌ಎಫ್‌ಸಿ 2863 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಕೂಡ, ಒಂದು ರೀಸ್ಟಾರ್ಟ್‌ನಿಂದ ಇನ್ನೊಂದರವರೆಗೆ ಮಾತ್ರ ಅದು ಬದಲಾಗಬಾರದು ಅನ್ನುತ್ತದೆ. ಅದಕ್ಕೇ ಸಿಸ್ಕೋ ಕಂಪನಿಯ ಸ್ವಿಚ್‌ಗಳಲ್ಲಿ, ರೀಬೂಟ್ ಆದರೂ ಅದೇ ನಂಬರ್ ಉಳಿಸುವ ಇಫ್‌ಇಂಡೆಕ್ಸ್ ಪರ್ಸಿಸ್ಟ್ ಅನ್ನುವ ಕಮಾಂಡ್ ಇರುವುದು. ಇನ್ನು ಪೋರ್ಟಿಗೆ ನಾವೇ ಬರೆದಿಟ್ಟ ಡಿಸ್ಕ್ರಿಪ್ಷನ್. ಕೇಬಲ್ ಜಾಗ ಬದಲಾದರೂ ಅದು ಹಳೆಯದನ್ನೇ ಹೇಳುತ್ತಿರುತ್ತದೆ.

ಹೊಸ ಸ್ವಿಚ್ ಹಾಕಿದ ದಿನವೇ ಒಂದು ಲ್ಯಾಪ್‌ಟಾಪನ್ನು 1, 12, 24ನೇ ಪೋರ್ಟಿಗೆ ಚುಚ್ಚಿ, ಪ್ರತಿ ಸಲ ಮ್ಯಾಪ್ ಸ್ಕ್ಯಾನ್ ಮಾಡಿಸಿ ನೋಡಿ. ಹತ್ತು ನಿಮಿಷದ ಕೆಲಸ, ನಾನು ಮಾಡಿರಲಿಲ್ಲ. ಬಂದ್ ಮಾಡುವ ಮುಂಚೆ ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಿ. ಬಂದ್ ಮಾಡಿದ ಮೇಲೆ ಎಲ್ಲಿಂದಾದರೂ ದೂರು ಬಂದರೆ ಮೊದಲು ಆ ಪೋರ್ಟ್ ತೆರೆಯಿರಿ, ಕಾರಣ ಆಮೇಲೆ.

ಎರಡೂ ಟೇಬಲ್‌ಗಳನ್ನು ತೆಗೆದು ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿದ್ದೇನೆ. ಅವರು ಸರಿ ಮಾಡುವವರೆಗೆ ಆ ಸ್ವಿಚ್‌ನ ಪೋರ್ಟ್ ಹೆಸರುಗಳು ಮ್ಯಾಪ್‌ನಲ್ಲಿ ಕಾಣದ ಹಾಗೆ ಮಾಡಿ, ರಾತ್ರಿ ಡ್ಯೂಟಿಯ ಹುಡುಗನಿಗೂ ತೋರಿಸಿಕೊಟ್ಟಿದ್ದೇನೆ.