ಅಪ್ಪನಿಗೆ ಎಲೆಕ್ಟ್ರಿಕ್ ಸೈಕಲ್: ಮೂರನ್ನ ಓಡಿಸಿ ನೋಡಿದ್ಮೇಲೆ

ಅಪ್ಪನಿಗೆ ಈಗ 71. ಜೀವನಪೂರ್ತಿ ಸೈಕಲ್ ತುಳಿದವರು, ಆದ್ರೆ ಎರಡು ವರ್ಷದಿಂದ ಮಂಡಿ ನೋವು, ಹೋಗ್ವಾಗ ಇಳಿಜಾರಲ್ಲಿ ಆರಾಮಾಗಿ ಹೋಗ್ಬಿಡ್ತಾರೆ, ಬರ್ವಾಗ ಏರಲ್ಲಿ ಇಳಿದು ತಳ್ಕೊಂಡು ಬರ್ತಾರೆ, ಕೊನೆಗೆ ಸೈಕಲ್ಲೇ ಬೇಡ ಬಿಡು ಅನ್ನೋಕೆ ಶುರು ಮಾಡಿದ್ರು. ನಂಗೆ ಅದನ್ನ ಕೇಳಿ ಸಂಕಟ ಆಯ್ತು. ಹಂಗಾಗಿ ಕೈಗೆಟುಕೋ ದರದ್ದೇ ಮೂರು ಥರದ ಎಲೆಕ್ಟ್ರಿಕ್ ಸೈಕಲ್ ತಂದು ಒಂದೊಂದನ್ನೂ ನಾಲ್ಕೈದು ದಿನ ನಾನೂ ಓಡಿಸ್ದೆ, ಅಪ್ಪನೂ ಓಡಿಸಿದ್ರು. ಮೂರರಲ್ಲೂ 250 ವ್ಯಾಟ್ ಮೋಟರ್, ಹಿಂದಿನ ಚಕ್ರದ ನಡುವಿನ ಹಬ್‌ನಲ್ಲೇ ಇರೋದು, ಗಂಟೆಗೆ 25 ಕಿ.ಮೀ. ಮುಟ್ತಿದ್ದಂಗೆ ಮೋಟರ್ ಸಹಾಯ ನಿಲ್ಲುತ್ತೆ. ಡಬ್ಬದ ಮೇಲೆ ಬರೆದಿರೋದನ್ನ ಓದಿದ್ರೆ ಮೂರೂ ಅಣ್ಣತಮ್ಮಂದಿರು, ಹತ್ತಿ ಕೂತ್ಮೇಲೆ ಅಜಗಜಾಂತರ.

ಮೊದಲನೇದು ಅಡ್ಡ ಬಾರ್ ಇರೋ ಮಾಮೂಲಿ ಸೈಕಲ್, ಬ್ಯಾಟರಿ ಹಿಂದೆ ಕ್ಯಾರಿಯರ್‌ನಲ್ಲಿ. ನೋಡಿದ ತಕ್ಷಣ ಅಪ್ಪನಿಗೆ ಹಿಡಿಸಿದ್ದು ಇದೇ, ಯಾಕಂದ್ರೆ ಹಳೇ ಸೈಕಲ್ ಥರಾನೇ ಕಾಣುತ್ತೆ, ನನಗೂ ಬ್ಯಾಟರಿ ದೊಡ್ಡದು ಅಂತ ಖುಷಿ. ಆದ್ರೆ ಹತ್ತೋಕೆ ಕಾಲನ್ನ ಹಿಂದಿನಿಂದ ಬೀಸಿ ಹಾಕ್ಬೇಕು, ಬ್ಯಾಟರಿ ಇರೋದ್ರಿಂದ ಕ್ಯಾರಿಯರ್ ಇನ್ನೂ ಎತ್ತರ, ಎರಡನೇ ದಿನ ಅಪ್ಪನ ಚಪ್ಪಲಿ ತುದಿ ಅದಕ್ಕೆ ತಗುಲಿ ಸೈಕಲ್ ಹಂಗೇ ವಾಲ್ಕೊಂಡ್ತು, ನಾನು ಪಕ್ಕದಲ್ಲೇ ಇದ್ದಿದ್ದಕ್ಕೆ ಹಿಡ್ಕೊಂಡೆ. 26 ಕೆಜಿ ಸೈಕಲ್ಲದು, ಭಾರ ಎಲ್ಲಾ ಹಿಂದೆ ಮೇಲೆ ಇದೆ, ಒಂದು ಸಲ ವಾಲಿದ್ರೆ ನನ್ನ ಕೈಗೇ ಭಾರ. ಆವತ್ತಿಂದ ನಾನು ಗಮನಿಸಿದ್ದು ಏನಂದ್ರೆ, ಅಪ್ಪ ತಡವರಿಸಿದ್ದೆಲ್ಲಾ ಹತ್ವಾಗ, ಇಳಿವಾಗ, ಇಲ್ಲಾ ನಿಂತು ಮತ್ತೆ ಹೊರಡ್ವಾಗ. ಓಡ್ತಾ ಇದ್ದಾಗ ಒಂದು ಸಲಾನೂ ಅಲ್ಲ. ಅದಕ್ಕೇ ಉಳಿದೆರಡನ್ನ ನೋಡ್ವಾಗ ನನ್ನ ಕಣ್ಣೆಲ್ಲಾ ಆ ಮೊದಲ ನಾಲ್ಕು ಹೆಜ್ಜೆ ದೂರದ ಮೇಲೇ ಇತ್ತು.

ಎರಡನೇದು ಮಡಚೋ ಸೈಕಲ್, 20 ಇಂಚಿನ ಚಕ್ರ. ಹತ್ತೋದು ಸಲೀಸು, ಕಾಲು ನೆಲಕ್ಕೆ ಸಿಗುತ್ತೆ, ಸೀಟು ಹ್ಯಾಂಡಲ್ ಎರಡನ್ನೂ ಏರ್ಸಿ ಇಳ್ಸಬಹುದು. ಆದ್ರೆ ಹ್ಯಾಂಡಲ್ ತುಂಬಾ ಚುರುಕು, ಒಂದು ಕೈ ತೆಗೆದು ಸಿಗ್ನಲ್ ತೋರಿಸೋಕೆ ಹೋದ್ರೆ ಅಲ್ಲಾಡುತ್ತೆ, ಸಣ್ಣ ಗುಂಡಿನೂ ನೇರವಾಗಿ ಸೊಂಟಕ್ಕೆ ಹೊಡೆಯುತ್ತೆ. ಮಡಚಿದ್ಮೇಲೂ 21 ಕೆಜಿ ಇರುತ್ತೆ, ಎತ್ತೋರು ಯಾರು? ಅಪ್ಪನ ವಯಸ್ಸಿನವರಿಗೆ ಮಡಚೋ ಅನುಕೂಲ ಅನ್ನೋದು ಉಪಯೋಗಕ್ಕೇ ಬರಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಸೆನ್ಸರ್‌ದು, ಅಂದ್ರೆ ನಾವು ತುಳಿಯೋದನ್ನ ಗುರುತಿಸಿ ಮೋಟರ್ ಓಡ್ಸೋ ಭಾಗದ್ದು, ಮೊದಲನೇ ಸೈಕಲ್ಲಲ್ಲೂ ಇದೇ ಇತ್ತು. ಕಡಿಮೆ ದರದವುಗಳಲ್ಲಿ ಸಾಮಾನ್ಯವಾಗಿ ಕೇಡೆನ್ಸ್ ಸೆನ್ಸರ್ ಇರುತ್ತೆ, ಪೆಡಲ್ ಹತ್ರ ಆಯಸ್ಕಾಂತದ ಚೂರುಗಳಿರೋ ಒಂದು ಬಿಲ್ಲೆ ತಿರುಗುತ್ತೆ, ಅದಕ್ಕೆ ಗೊತ್ತಾಗೋದು ಪೆಡಲ್ ತಿರುಗ್ತಾ ಇದೆಯಾ ಇಲ್ವಾ ಅಷ್ಟೇ, ಎಷ್ಟು ಜೋರಾಗಿ ತುಳಿತಿದ್ದೀವಿ ಅನ್ನೋದು ಗೊತ್ತಾಗಲ್ಲ. ಹಂಗಾಗಿ ಹೊರಡ್ವಾಗ ನಮ್ಮ ಶಕ್ತಿನೇ ಹಾಕ್ಬೇಕು, ಆಮೇಲೆ ತಟ್ಟಂತ ಯಾರೋ ಹಿಂದಿನಿಂದ ನೂಕಿದಂಗೆ ಆಗುತ್ತೆ. ಅಪ್ಪ ಒಂದು ಕಡೆ ಪೂರ್ತಿ ತಿರುಗಿಸ್ಕೊಳ್ಳೋಕೆ ಅಂತ ಮೆಲ್ಲಗೆ ಪೆಡಲ್ ಒತ್ತಿದ್ರು, ಅರ್ಧ ತಿರುವಲ್ಲಿ ಮೋಟರ್ ಎಳೆದು ಸೈಕಲ್ ಗೋಡೆ ಕಡೆ ನುಗ್ಗಿತು. ಬ್ರೇಕ್ ಒತ್ತಿದ ಕೂಡ್ಲೇ ಮೋಟರ್ ಕಟ್ ಆಗೋ ಸ್ವಿಚ್ ಇದ್ದಿದ್ದಕ್ಕೆ ಬಚಾವ್. ಕೊಳ್ಳೋ ಮುಂಚೆ ಆ ಸ್ವಿಚ್ ಎರಡೂ ಬ್ರೇಕಿಗೆ ಇದೆಯಾ ಅಂತ ಒತ್ತಿ ನೋಡಿ ದಯವಿಟ್ಟು.

ಮೂರನೇದು ಲೇಡೀಸ್ ಸೈಕಲ್ ಥರ ನಡುವೆ ತಗ್ಗಾಗಿರೋ ಫ್ರೇಮು, 26 ಇಂಚಿನ ಚಕ್ರ, ದಪ್ಪ ಟೈರು, ಟಾರ್ಕ್ ಸೆನ್ಸರ್. ಅಪ್ಪ ಮೊದಲು ಇದು ಹೆಂಗಸರದ್ದು ಅಂತ ಮುಖ ತಿರುಗಿಸಿದ್ರು. ಕಾಲನ್ನ ಬೀಸೋದೇ ಬೇಡ, ಹೊಸಿಲು ದಾಟಿದಂಗೆ ದಾಟಿ ಕೂರಬಹುದು, ಬ್ಯಾಟರಿ ಸೀಟಿನ ಕೊಳವೆ ಹಿಂದೆ ತಗ್ಗಲ್ಲಿದೆ. ಟಾರ್ಕ್ ಸೆನ್ಸರ್ ತುಳಿಯೋ ಬಲನ ಅಳೆಯುತ್ತೆ, ಮೆಲ್ಲಗೆ ತುಳಿದ್ರೆ ಮೆಲ್ಲಗೆ, ಜೋರಾಗಿ ತುಳಿದ್ರೆ ಜೋರಾಗಿ. ಅದೇ ಜಾಗದಲ್ಲಿ ತಿರುಗಿಸ್ಕೊಂಡು ಬಂದು "ಇದು ನಾನು ತುಳಿದಷ್ಟಕ್ಕೇ ಹೋಗುತ್ತೆ ಕಣೋ" ಅಂದ್ರು, ನಂಗೆ ಅಷ್ಟು ಸಾಕಾಯ್ತು. ದರ ಉಳಿದೆರಡಕ್ಕಿಂತ ಸ್ವಲ್ಪ ಜಾಸ್ತಿ, ನಿಜ.

ಬ್ಯಾಟರಿ ಲೆಕ್ಕ ಹೇಳ್ಬಿಡ್ತೀನಿ. ವೋಲ್ಟು ಇಂಟು ಆಂಪಿಯರ್ ಅವರ್ ಮಾಡಿದ್ರೆ ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತೆ ಅನ್ನೋದು ವ್ಯಾಟ್ ಅವರ್‌ನಲ್ಲಿ ಸಿಗುತ್ತೆ: ಮೊದಲನೇದು 36 ವೋಲ್ಟ್ 13 ಅಂದ್ರೆ 468 ವ್ಯಾಟ್ ಅವರ್, ಮೂರನೇದು 36 ವೋಲ್ಟ್ 10 ಅಂದ್ರೆ 360. ನಮಗೆ ಕಿಲೋಮೀಟರ್‌ಗೆ 10ರಿಂದ 12 ವ್ಯಾಟ್ ಅವರ್ ಖರ್ಚಾಯ್ತು, ಅಂದ್ರೆ 360ರಲ್ಲೂ 30 ಕಿ.ಮೀ. ಬರುತ್ತೆ, ಅಪ್ಪನ ಓಡಾಟ ದಿನಕ್ಕೆ 9-10 ಕಿ.ಮೀ. ದಾಟಲ್ಲ. ದೊಡ್ಡ ಬ್ಯಾಟರಿಗೆ ಕೊಡೋ ದುಡ್ಡನ್ನ ಸೆನ್ಸರ್‌ಗೆ ಕೊಡಿ. ಬ್ಯಾಟರಿ ಬಿಚ್ಚಿ ಒಳಗೆ ತರೋ ಹಂಗಿರ್ಲಿ, ಬಿಸಿಲಲ್ಲಿ ಫುಲ್ ಚಾರ್ಜ್ ಮಾಡಿ ಬಿಡ್ಬೇಡಿ, ಲಿಥಿಯಂ ಬ್ಯಾಟರಿಗೆ ಶಾಖ ಆಗಿಬರಲ್ಲ.

ಬ್ರೇಕ್ ಮೂರರಲ್ಲೂ ತಂತಿಯಿಂದ ಎಳೆಯೋ ಡಿಸ್ಕ್. ಹೈಡ್ರಾಲಿಕ್, ಅಂದ್ರೆ ಎಣ್ಣೆ ಒತ್ತಡದಿಂದ ಕೆಲಸ ಮಾಡೋದು, ಇದ್ದಿದ್ರೆ ಬೆರಳಿಗೆ ಸುಲಭ ಆಗ್ತಿತ್ತು. ಅಪ್ಪನ ಬೆರಳು ಲಿವರ್‌ಗೆ ಪೂರ್ತಿ ಸಿಗ್ತಿರ್ಲಿಲ್ಲ, ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತೆ, ಅದನ್ನ ಒಳಗೆ ತಿರುಗಿಸಿದ್ರೆ ಲಿವರ್ ಹ್ಯಾಂಡಲ್ ಹತ್ರ ಬರುತ್ತೆ, ಎರಡು ನಿಮಿಷದ ಕೆಲಸ. ಮೂರು ಚಕ್ರದ್ದು ಯಾಕೆ ನೋಡಲಿಲ್ಲ ಅಂತ ಕೇಳ್ತೀರೇನೋ, ನಿಂತಾಗ ಬೀಳಲ್ಲ ಅನ್ನೋದು ಸರಿ, ಆದ್ರೆ ತಿರುವಲ್ಲಿ ಅದು ಒಳಗೆ ವಾಲಲ್ಲ, ವೇಗ ಇದ್ರೆ ಹೊರಗಡೆ ಮಗುಚೋ ಭಯ, ಸೈಕಲ್ ಅಭ್ಯಾಸ ಇರೋರಿಗೆ ಅದನ್ನ ಹೊಸದಾಗಿ ಕಲೀಬೇಕು. ಬ್ಯಾಲೆನ್ಸೇ ತಪ್ಪೋರಾದ್ರೆ ಅದೇ ಒಳ್ಳೇದು.

ಮೂರನೇದನ್ನೇ ತಗೊಂಡ್ವಿ. ಸೀಟನ್ನ ಮೊದಲು ಪೂರ್ತಿ ಇಳಿಸಿ ಕೊಟ್ಟಿದ್ದೆ, ಆಗ ಮಂಡಿ ಜಾಸ್ತಿ ಮಡಚಿ ನೋವು ಬಂತು, ಆಮೇಲೆ ಎರಡು ಬೆರಳಷ್ಟು ಏರಿಸಿದ್ಮೇಲೆ ಸರಿಹೋಯ್ತು, ಮುಂಗಾಲು ನೆಲಕ್ಕೆ ಗಟ್ಟಿಯಾಗಿ ಸಿಗುತ್ತೆ. ಡಿಸ್ಪ್ಲೇ ಅಕ್ಷರ ಕನ್ನಡಕ ಇಲ್ದೆ ಕಾಣಲ್ಲ, ಅದಕ್ಕೆ ಮೋಟರ್ ಸಹಾಯ ಜಾಸ್ತಿ ಮಾಡೋ ಮೇಲಿನ ಬಟನ್‌ಗೆ ಕೆಂಪು ಟೇಪು ಅಂಟಿಸಿದ್ದೀನಿ. ಅಪ್ಪ ಏರು ಬರೋ ಮುಂಚೆ ಅದನ್ನ ಒಂದು ಸಲ ಒತ್ತುತಾರೆ, ಮೇಲೆ ಹೋಗೋ ತನಕ ಇಳಿಯಲ್ಲ.