ಬಾವುಟಗುಡ್ಡೆ ಏರಿಗೆ ಯಾವ ಗೇರ್‌ಬಾಕ್ಸ್? ಮ್ಯಾನುವಲ್, ಎಎಂಟಿ, ಡಿಸಿಟಿ, ಸಿವಿಟಿ, ಟಾರ್ಕ್ ಕನ್ವರ್ಟರ್

ನಿಂತ ಕಾರು ಹೊರಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಎರಡೂ ಹೊಂದಿಕೊಳ್ಳುವ ತನಕ ನಡುವೆ ಏನಾದರೊಂದು ಜಾರಲೇಬೇಕು. ಜಾರಿದಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿ ಒಣ ಕ್ಲಚ್ ಪ್ಲೇಟಿನಲ್ಲೇ ಉಳಿಯುತ್ತದೋ, ಎಣ್ಣೆಯ ಜೊತೆ ಹೊರಗೆ ಹೋಗುತ್ತದೋ? ಮಂಗಳೂರಿನಂಥ ಏರುತಗ್ಗಿನ ಊರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನು, ಮೈಲೇಜ್ ಆಮೇಲೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆ ಏರು, ನಂತೂರಿನ ವಾಹನಗಳ ಸಾಲು, ಮಣಿಪಾಲದ ಏರು, ಆಗುಂಬೆಯ 14 ತಿರುವು: ಇಲ್ಲೆಲ್ಲ ಓಡಿಸಿ ನೋಡಿದ ಮೇಲಿನ ಹೋಲಿಕೆ ಇದು.

ಮ್ಯಾನುವಲ್‌ನಲ್ಲಿ ಫ್ಲೈವೀಲ್ (ಎಂಜಿನ್ ತಿರುಗಿಸುವ ಭಾರದ ಚಕ್ರ) ಮತ್ತು ಅದರತ್ತ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ನಡುವೆ ಒಂದೇ ಒಣ ಕ್ಲಚ್ ಪ್ಲೇಟ್. ಅದರ ಆಯುಷ್ಯ ಚಾಲಕರ ಕಾಲಿನಲ್ಲಿದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಬಾನೆಟ್ ಸ್ವಲ್ಪ ಎದ್ದು ಎಂಜಿನ್ ಸದ್ದು ತಗ್ಗುವ ತನಕ ಕ್ಲಚ್ ಬಿಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದರೆ ಜಾರುವುದು ಒಂದೆರಡು ಸೆಕೆಂಡ್ ಮಾತ್ರ. ಹಾಫ್ ಕ್ಲಚ್‌ನಲ್ಲೇ (ಪೆಡಲ್ ಅರ್ಧ ಬಿಟ್ಟು) ಗಾಡಿ ನಿಲ್ಲಿಸಿಕೊಂಡರೆ ಪ್ಲೇಟ್ ಸುಟ್ಟ ವಾಸನೆ ಖಂಡಿತ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು ನಾಲ್ಕನೇ ಗೇರ್‌ನಲ್ಲಿ ಕ್ಲಚ್ ಬಿಟ್ಟು ನೋಡಲಿ. ಎಂಜಿನ್ ತಕ್ಷಣ ಆಫ್ ಆಗಬೇಕು. ತಿರುಗುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ.

ಎಎಂಟಿ (ಆಟೋಮೇಟೆಡ್ ಮ್ಯಾನುವಲ್) ಎಂದರೆ ಅದೇ ಗೇರ್‌ಬಾಕ್ಸ್, ಅದೇ ಒಣ ಪ್ಲೇಟ್. ಕಾಲು ಮತ್ತು ಕೈಯ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರಭಾಗ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ನಮ್ಮ ಮಾರುಕಟ್ಟೆಗೆ ಬಂತು, ಬೆಲೆ ಕಡಿಮೆಯಾದ್ದರಿಂದ ಬೇಗ ಹಬ್ಬಿತು. ಪೆಡಲ್ ಇಲ್ಲದ ಕಾರಣ ಕ್ಲಚ್ಚೇ ಇಲ್ಲ ಎಂದುಕೊಂಡು ಏರಿನ ಸಾಲಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದಿಟ್ಟುಕೊಳ್ಳುವವರು ಬಹಳ. ಅದು ಪಕ್ಕಾ ಹಾಫ್ ಕ್ಲಚ್. ಬ್ರೇಕ್ ಒತ್ತಿದ್ದರೆ ಆಕ್ಚುಯೇಟರ್ ಕ್ಲಚ್ ಬಿಡಿಸಿಡುತ್ತದೆ, ಬಿಸಿಯಿಲ್ಲ. ಹಿಲ್ ಹೋಲ್ಡ್ (ಬ್ರೇಕ್ ಬಿಟ್ಟ ಮೇಲೂ ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಸೌಲಭ್ಯ) ಇದ್ದರೂ ಅದು ಹಿಡಿಯುವುದು ಎರಡು ಸೆಕೆಂಡಿನಷ್ಟು ಮಾತ್ರ. ಇಲ್ಲದ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಅಭ್ಯಾಸ ಬಿಡಬಾರದು. ಆಗುಂಬೆಯಲ್ಲಿ ಡಿ ಮೋಡ್‌ನಲ್ಲಿ ಬಿಟ್ಟರೆ ತಿರುವಿನ ನಟ್ಟ ನಡುವೆ ಗೇರ್ ಬದಲಾಗಿ ಎಳೆತ ಕ್ಷಣಕಾಲ ಕಡಿದುಹೋಗುತ್ತದೆ. ತಿರುವಿಗೆ ಮುಂಚೆಯೇ ಮ್ಯಾನುವಲ್ ಮೋಡ್‌ಗೆ ತಂದು ಒಂದು ಅಥವಾ ಎರಡನೇ ಗೇರ್ ಹಾಕಿ.

ಡಿಸಿಟಿಯಲ್ಲಿ ಎರಡು ಕ್ಲಚ್: ಒಂದು ಬೆಸ ಗೇರ್‌ಗಳಿಗೆ, ಇನ್ನೊಂದು ಸಮ ಗೇರ್‌ಗಳಿಗೆ. ಮುಂದಿನ ಗೇರ್ ಮೊದಲೇ ಸಿದ್ಧವಿರುವುದರಿಂದ ಹೆದ್ದಾರಿಯಲ್ಲಿ ಇದರ ಮುಂದೆ ಉಳಿದದ್ದೆಲ್ಲ ಸಪ್ಪೆ. ಆದರೆ ಫೋಕ್ಸ್‌ವ್ಯಾಗನ್, ಸ್ಕೋಡಾ, ಹುಂಡೈಗಳ ಹೆಚ್ಚಿನ 7 ಸ್ಪೀಡ್ ಡಿಸಿಟಿಗಳಲ್ಲಿ ಕ್ಲಚ್ ಒಣ. ನಡಿಗೆಯ ವೇಗದಲ್ಲಿ ಸಾಲು ಏರುವಾಗ ಪ್ಲೇಟ್ ಜಾರುತ್ತಲೇ ಇರುತ್ತದೆ. ಮುಂದೆ ಎರಡು ಕಾರಿನಷ್ಟು ಜಾಗ ಆದ ಮೇಲೆ ಒಮ್ಮೆಗೆ ಹೊರಟು ಪೂರ್ತಿ ನಿಲ್ಲಿಸಿ. ಬಿಸಿಯ ಎಚ್ಚರಿಕೆ ಬಂದರೆ ಬದಿಗೆ ನಿಲ್ಲಿಸಿ, ಪಿ ಹಾಕಿ, ಎಂಜಿನ್ ಆಫ್ ಮಾಡದೆ ಆರಲು ಬಿಡಿ. 2022ರಲ್ಲಿ ಟಾಟಾ ಆಲ್ಟ್ರೋಜ್‌ಗೆ ಬಂದ ಡಿಸಿಎಯಲ್ಲಿ (ಟಾಟಾ ತನ್ನ ಡಿಸಿಟಿಗೆ ಇಟ್ಟ ಹೆಸರು) ಕ್ಲಚ್ ಎಣ್ಣೆಯಲ್ಲಿದೆ, ಡಿಸಿಟಿಗಳಲ್ಲಿ ಈ ಊರಿಗೆ ಅದೇ ಸರಿ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಕಡೆಯ ಪಂಪ್ ಎಣ್ಣೆಯನ್ನು ಚಿಮ್ಮಿಸಿ ಎದುರಿನ ಟರ್ಬೈನ್ ತಿರುಗಿಸುತ್ತದೆ. ನಡುವೆ ಎಣ್ಣೆಯ ಹರಿವಿನ ದಿಕ್ಕು ಬದಲಿಸುವ ಸ್ಟೇಟರ್‌ನಿಂದಾಗಿ ಹೊರಡುವಾಗಿನ ಎಳೆತ ಸುಮಾರು ಎರಡು ಪಟ್ಟಾಗುತ್ತದೆ. ಬಿಸಿ ಎಣ್ಣೆಗೆ, ಎಣ್ಣೆಯಿಂದ ಕೂಲರ್‌ಗೆ. ಬಾವುಟಗುಡ್ಡೆಯಂಥ ಏರಿನ ಸಾಲಿನಲ್ಲಿ ಇಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ. ಪೇಟೆಯಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ; ಕೊಡಬಹುದಾದ ಬೆಲೆಯೇ.

ಸಿವಿಟಿಗೆ ಗೇರ್‌ಗಳೇ ಇಲ್ಲ, ಅಗಲ ಬದಲಾಗುವ ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಹೋಂಡಾ ಸಿಟಿಯಲ್ಲಿ ಹೊರಡಿಸಲು ಟಾರ್ಕ್ ಕನ್ವರ್ಟರ್ ಇರುವುದರಿಂದ ಪೇಟೆಯಲ್ಲಿ ತುಂಬ ನಯ. ಘಾಟಿಯಲ್ಲಿ ಒತ್ತಿ ಓಡಿಸಿದರೆ ಎಂಜಿನ್ ಅರಚುತ್ತದೆ, ವೇಗ ನಿಧಾನಕ್ಕೆ ಏರುತ್ತದೆ. ಇಳಿಯುವಾಗ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್) ಹಾಕದಿದ್ದರೆ ಇಡೀ ಭಾರ ಬ್ರೇಕ್ ಮೇಲೆ. ಗ್ಯಾರೇಜಿನಲ್ಲಿ ಎಣ್ಣೆ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ: ಸಿವಿಟಿ ಎಣ್ಣೆಯ ಬದಲು ಮಾಮೂಲಿ ಎಟಿಎಫ್ (ಬೇರೆ ಆಟೋಮ್ಯಾಟಿಕ್‌ಗಳ ಎಣ್ಣೆ) ಸುರಿದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಗೀರು ಬೀಳುತ್ತದೆ, ಆಮೇಲೆ ರಿಪೇರಿ ಖರ್ಚು ಸಣ್ಣದಲ್ಲ.

ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಕಾರಿನ ವಿಷಯ ಬೇರೆ. ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಫ್ಲೈವೀಲ್ ತುಕ್ಕು ಹಿಡಿದು ಒಣ ಕ್ಲಚ್ ಪ್ಲೇಟ್ ಅಂಟಿಕೊಳ್ಳುತ್ತದೆ, ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಎಣ್ಣೆಯಲ್ಲಿರುವ ಕ್ಲಚ್‌ಗೆ ಈ ರೋಗವಿಲ್ಲ. ಹದಿನೈದು ದಿನಕ್ಕೊಮ್ಮೆ ಮನೆಯವರು ಇಪ್ಪತ್ತು ನಿಮಿಷ ಓಡಿಸಿದರೆ ಸಾಕು. ಎಎಂಟಿಯನ್ನು ಗೇರ್‌ನಲ್ಲಿ ಬಿಟ್ಟು ಹೋಗಿ ಬ್ಯಾಟರಿ ಇಳಿದರೆ ಆಕ್ಚುಯೇಟರ್‌ಗೆ ಶಕ್ತಿಯಿಲ್ಲ, ನ್ಯೂಟ್ರಲ್‌ಗೆ ತರಲಾಗದು, ತಳ್ಳಲೂ ಆಗದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟಾದ ಅಂಗಳದಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಕಚ್ಚಿಕೊಳ್ಳದಂತೆ ಇಳಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ.